ಹಳೆಯ ಕಾರಿಗೆ ಹೊಸ ಎದೆ

ಅಕ್ಕಿಯ ಒಂದು ಕಾಳನ್ನು ನಡುವೆ ಮುರಿದರೆ ಉಳಿಯುವ ತುಂಡು ಎಷ್ಟುದ್ದವಿದ್ದೀತು? ಹೆಚ್ಚೆಂದರೆ ಮೂರು, ಮೂರೂವರೆ ಮಿಲಿಮೀಟರು. ಅಷ್ಟೇ ಅಂತರಕ್ಕಾಗಿ ಅಮೆರಿಕದಲ್ಲಿ ಎಷ್ಟೋ ಮಂದಿ ತಮ್ಮ ರಜಾ ದಿನಗಳನ್ನೂ ಉಳಿತಾಯದ ಹಣವನ್ನೂ ಸುರಿಯುತ್ತಾರೆಂದರೆ ವಾಚಕರು ನಂಬಲಾರರು. ಕನ್ನಡ ಪಾಠ ಹೇಳುವವನಿಗೆ ಎಂಜಿನ್ನಿನ ಉಸಾಬರಿ ಏಕೆಂದು ನಗುವವರು ನಗಲಿ. ಒಂದು ಮಾತ್ರೆ ಹೆಚ್ಚಾದರೆ ಪದ್ಯದ ನಡೆಯೇ ಬದಲಾಗುವುದನ್ನು ಬಲ್ಲವನಿಗೆ ಈ ವಿದ್ಯೆ ತೀರ ಪರಕೀಯವೆನಿಸದು.

1964ರ ಮಾದರಿಯಾಗಿ ಪಾಂಟಿಯಾಕ್ ಕಂಪನಿಯು ತನ್ನ ಮಧ್ಯಮ ಗಾತ್ರದ ಟೆಂಪೆಸ್ಟ್ ಕಾರಿನೊಳಗೆ 389 ಘನ ಅಂಗುಲದ ದೊಡ್ಡ ಎಂಜಿನ್ನನ್ನು ಕೂರಿಸಿ, ಜಿ.ಟಿ.ಓ. ಎಂಬ ಹೆಸರಿನಿಂದ ಮಾರಿತು. ತರುಣರು ಮುಗಿಬಿದ್ದರು, ಉಳಿದ ಕಂಪನಿಗಳೂ ಅದೇ ಹಾದಿ ಹಿಡಿದವು. ಇಂಥವಕ್ಕೆ ‘ಮಸಲ್ ಕಾರ್’ ಎಂದು ಹೆಸರಾಯಿತು. ನಾವು ಜಟ್ಟಿ ಕಾರು ಎನ್ನೋಣ. ಮುಂದೆ ವಿಮೆಯ ದರ ಏರಿತು, ಹೊಗೆಯ ಕಾನೂನು ಬಿಗಿಯಾಯಿತು, 1973ರಲ್ಲಿ ತೈಲದ ಬಿಕ್ಕಟ್ಟು ಬಂದಿತು. ಜಟ್ಟಿಗಳ ಕಾಲ ಮುಗಿಯಿತು. ಅವುಗಳ ಮೇಲಣ ಮೋಹ ಮಾತ್ರ ಮುಗಿಯಲಿಲ್ಲ.

ಷೆವ್ರೊಲೆ ಕಂಪನಿಯ ಕಮಾರೊ ಕಾರನ್ನೇ ತೆಗೆದುಕೊಳ್ಳಿ. 1967ರ ಕಮಾರೊದಲ್ಲಿ ಮೊದಲು ಕಾಣಿಸಿದ 350 ಘನ ಅಂಗುಲದ ಎಂಜಿನ್ನಿಗೆ ಎಂಟು ಸಿಲಿಂಡರು. ಒಂದೊಂದರ ಅಗಲ 4 ಅಂಗುಲ. ಅದರೊಳಗೆ ಪಿಸ್ಟನ್ನು ಮೇಲಕ್ಕೂ ಕೆಳಕ್ಕೂ ಚಲಿಸುವ ದೂರ 3.48 ಅಂಗುಲ. 1970ರಲ್ಲಿ ಅದೇ ಕುಲದ 400 ಘನ ಅಂಗುಲದ ಅಣ್ಣನೊಬ್ಬ ಬಂದ. ಅವನ ಸಿಲಿಂಡರುಗಳು ಒಂದಕ್ಕೊಂದು ಅಂಟಿಕೊಂಡಿದ್ದು, ನಡುವೆ ನೀರು ಹರಿಯಲು ಎಡೆಯಿಲ್ಲದೆ, ಬೇಗ ಕಾಯುವನೆಂಬ ಅಪಖ್ಯಾತಿ ಪಡೆದ. ಆದರೆ ಅವನ ಕ್ರ್ಯಾಂಕು ದಂಡದಿಂದ ಪಿಸ್ಟನ್ನು 3.75 ಅಂಗುಲ ಚಲಿಸುತ್ತಿತ್ತು. ಜಾಣರು ಹಳೆಯ ಕಬ್ಬಿಣದಂಗಡಿಯಿಂದ ಆ ದಂಡವನ್ನು ತಂದು, ಅದರ 2.65 ಅಂಗುಲದ ಕತ್ತುಗಳನ್ನು 2.45ಕ್ಕೆ ಅರೆದು, 350ರ ಒಡಲಿಗೆ ಹೊಂದಿಸಿದರು. ಸಿಲಿಂಡರನ್ನೂ ಅಂಗುಲದ ಸಾವಿರದ 30 ಭಾಗದಷ್ಟು ಕೊರೆದರು. ಹೊರಗಿನ ಆಕಾರ ಎಳ್ಳಷ್ಟೂ ಬೆಳೆಯದೆ ಎಂಜಿನ್ನು 383 ಘನ ಅಂಗುಲವಾಯಿತು, 5.7 ಲೀಟರಿನಿಂದ 6.3 ಲೀಟರಿಗೆ ಏರಿತು. ಇದೇ ‘ಸ್ಟ್ರೋಕರ್’. (ಕ್ರೈಸ್ಲರ್ ಕಂಪನಿಯಲ್ಲೂ 383 ಎಂಬ ಎಂಜಿನ್ನಿತ್ತು; ಅದು ಬೇರೆ ಗೋತ್ರ.)

ದಂಡದ ತೋಳು ಉದ್ದವಾದದ್ದು 3.4 ಮಿಲಿಮೀಟರು ಮಾತ್ರ; ನಮ್ಮ ಅರ್ಧ ಅಕ್ಕಿಕಾಳು. ಬೀಸುವ ಕಲ್ಲಿನ ಗೂಟವನ್ನು ನಡುವಿಗೆ ಹತ್ತಿರ ನೆಟ್ಟರೆ ಬೀಸುವವರ ತೋಳು ಸೋಲುತ್ತದೆ. ಅಂಚಿಗೆ ನೆಟ್ಟರೆ ಕೈ ಸುತ್ತುವ ದಾರಿ ದೊಡ್ಡದಾದರೂ ಕಲ್ಲು ಹಗುರಾಗಿ ತಿರುಗುತ್ತದೆ. ಇಲ್ಲಿಯೂ ಅಷ್ಟೇ. ಪ್ರತಿ ಸುತ್ತಿನಲ್ಲೂ ಹೆಚ್ಚು ಗಾಳಿ, ಹೆಚ್ಚು ಪೆಟ್ರೋಲು, ಹೆಚ್ಚು ತಿರುಚುಬಲ.

ಆದರೆ ಈ ವರ ಪುಕ್ಕಟೆಯಲ್ಲ. ಪಿಸ್ಟನ್ನು ಹೆಚ್ಚು ಮೇಲೇರುವುದರಿಂದ ಅದರ ಕೀಲಿನ ತೂತನ್ನು ಮೇಲಕ್ಕೆ ಸರಿಸಿದ ಹೊಸ ಪಿಸ್ಟನ್ನು ಬೇಕು. ಇಲ್ಲದಿದ್ದರೆ ಅದು ಮೇಲಣ ಮುಚ್ಚಳಕ್ಕೆ ಬಡಿಯುತ್ತದೆ. ನೆತ್ತಿಯೂ ಕೊಂಚ ತಗ್ಗಾಗಿರಬೇಕು. ಒತ್ತಡ ಮಿತಿಮೀರಿದರೆ ಪೆಟ್ರೋಲು ಹೊತ್ತಿಗೆ ಮುಂಚೆ ಸಿಡಿದು ಎಂಜಿನ್ನು ಕಟಕಟನೆ ಹಲ್ಲು ಕಡಿಯುತ್ತದೆ. ನಿಮಿಷಕ್ಕೆ 6,000 ಸುತ್ತು ತಿರುಗುವಾಗ ಪ್ರತಿಯೊಂದು ಪಿಸ್ಟನ್ನೂ ಸೆಕೆಂಡಿಗೆ 200 ಸಲ ನಿಂತು ಮತ್ತೆ ಹೊರಡುತ್ತದೆ. ಅದರ ಸರಾಸರಿ ವೇಗ ಗಂಟೆಗೆ 68 ಕಿಲೋಮೀಟರಿಗೂ ಮಿಕ್ಕಿದ್ದು. ಇನ್ನು 400ರ ದಂಡದ ತೂಕ ಸರಿದೂಗುವುದು ಹೊರಗಿನ ಚಕ್ರಗಳಲ್ಲಿರುವ ಭಾರದಿಂದ. ಇದನ್ನರಿಯದೆ 350ರ ಚಕ್ರವನ್ನೇ ತೊಡಿಸಿದವನ ಕಾರು ಜ್ವರ ಬಂದವರಂತೆ ನಡುಗುತ್ತದೆ.

ಎಲ್ಲಕ್ಕಿಂತ ನಾಜೂಕಿನ ಘಟ್ಟ ಬೇರೊಂದಿದೆ. ತೋಳು ಉದ್ದವಾದ್ದರಿಂದ ಕನೆಕ್ಟಿಂಗ್ ರಾಡಿನ ಬೋಲ್ಟುಗಳು ಒಡಲಿನ ಕೆಳ ಅಂಚಿಗೂ, ಮೇಲಿರುವ ಕ್ಯಾಮ್ ದಂಡದ ಉಬ್ಬುಗಳಿಗೂ ತಾಗುವಂತಾಗುತ್ತದೆ. ದಂಡವನ್ನು ಕೈಯಿಂದ ಇಷ್ಟಿಷ್ಟೇ ತಿರುಗಿಸುತ್ತ, ತಾಗಿದ ಕಡೆ ಗುರುತು ಹಾಕಿ, ಕಬ್ಬಿಣವನ್ನು ಅರೆಯಬೇಕು. ಎಂಟು ರಾಡುಗಳನ್ನೂ ಹೀಗೆಯೇ ನೋಡಬೇಕು. ಏಳು ಸರಿಯಿದ್ದು ಎಂಟನೆಯದು ತಾಗಿದರೂ ಸರ್ವನಾಶ. ಕಡಮೆ ಅರೆದರೆ ಬೋಲ್ಟು ಬಡಿಯುತ್ತದೆ. ಹೆಚ್ಚು ಅರೆದರೆ ಗೋಡೆ ತೂತಾಗಿ ಒಳಗಿನ ನೀರು ಹೊರಬರುತ್ತದೆ. ಅಲ್ಲಿಗೆ ಆ ಒಡಲು ಗುಜರಿಯ ಪಾಲು.

ಹೀಗಿರುವಲ್ಲಿ, 1969ರ ಕಮಾರೊ ಇರುವವನು ಕಾರಿನೊಡನೆ ಹುಟ್ಟಿದ ಎಂಜಿನ್ನಿಗೇ ಕೈಹಾಕಬಹುದೆ? ಎಂಜಿನ್ನಿನ ಮೇಲೆ ಒತ್ತಿದ ಸಂಖ್ಯೆ ಕಾರಿನ ಸಂಖ್ಯೆಗೆ ಹೊಂದಿದರೆ ಸಂಗ್ರಾಹಕರು ಬಹಳ ಹೆಚ್ಚಿನ ಬೆಲೆ ಕೊಡುತ್ತಾರೆ; ಒಮ್ಮೆ ಅರೆದ ಲೋಹ ಮತ್ತೆ ಬೆಳೆಯದು. ಕಾರಿರುವುದು ಓಡಿಸಲೋ, ಕಾಪಾಡಲೋ ಎಂಬ ಜಗಳ ಅವರಲ್ಲಿ ಇನ್ನೂ ಬಗೆಹರಿದಿಲ್ಲ. ಹುಟ್ಟಿದೆಂಜಿನ್ನಿಗೆ ಎಣ್ಣೆ ಬಳಿದು, ಬಟ್ಟೆ ಸುತ್ತಿ ಮೂಲೆಯಲ್ಲಿಟ್ಟು, ಬೇರೊಂದು ಒಡಲನ್ನು ತಂದು ಅರೆಯುವವನೇ ನನ್ನ ಮಟ್ಟಿಗೆ ಬುದ್ಧಿವಂತ. ಈಗಂತೂ 350ಕ್ಕೆ ಹೊಂದುವ ಕತ್ತಿರುವ ಹೊಸ ದಂಡಗಳೇ ಮಾರಾಟಕ್ಕಿವೆ, ಗುಜರಿ ಅಲೆಯಬೇಕಾದ್ದಿಲ್ಲ.

ಕಡೆಗೆ ಒಂದು ದಿನ ಎಂಜಿನ್ನು ಹೊತ್ತಿಕೊಳ್ಳುತ್ತದೆ. ಹಳೆಯ ಬಗೆಯ ಕ್ಯಾಮ್ ದಂಡವಾದರೆ ಅದು ತನ್ನ ಜೊತೆಗಾರರೊಡನೆ ಪಳಗುವವರೆಗೆ, ಸುಮಾರು 20 ನಿಮಿಷ, 2,000 ಸುತ್ತಿನ ಆಚೀಚೆಯಲ್ಲಿ ಬಿಡದೆ ಓಡಿಸಬೇಕು. ಷೆಡ್ಡೆಲ್ಲ ಗುಡುಗು, ಮನೆಯವರು ಕಿವಿ ಮುಚ್ಚಿಕೊಂಡು ಬಾಗಿಲಲ್ಲಿ ನಿಂತಿರುತ್ತಾರೆ. ಆಮೇಲೆ ಎಲ್ಲ ನಿಶ್ಶಬ್ದ. ಆತ ಎಣ್ಣೆ ಸೋಸುವ ಡಬ್ಬಿಯನ್ನು ಬಿಚ್ಚಿ, ಕತ್ತರಿಸಿ, ಒಳಗಿನ ಕಾಗದದ ಮಡಿಕೆಗಳನ್ನು ದೀಪದ ಕೆಳಗೆ ಒಂದೊಂದಾಗಿ ಹರಡುತ್ತಾನೆ, ಲೋಹದ ಚೂರು ಹೊಳೆಯುತ್ತಿದೆಯೇ ಎಂದು ನೋಡಲು.