ನಡು ತುಂಬದ ಕೌದಿ

ಗೋವಿನಜೋಳ ಮುರಿದು ಅಂಗಳದ ತುಂಬ ಹರವಿದ್ದಾರೆ. ಅದರ ಪಕ್ಕದಲ್ಲಿ, ಬಿದಿರಿನ ಗಳದ ಮೇಲೆ ಒಂದು ಕೌದಿ ಬಿಸಿಲು ಕಾಯುತ್ತಿದೆ. ದೂರದಿಂದ ನೋಡಿದರೆ ಪೂರ್ತಿಯಾದದ್ದೆಂದೇ ತೋರುತ್ತದೆ. ಹತ್ತಿರ ಹೋದರೆ ತಿಳಿಯುವುದು: ನಾಲ್ಕೂ ಅಂಚಿನಲ್ಲಿ ಮೊಳದಗಲ ಬಣ್ಣದ ತುಂಡುಗಳಿವೆ, ಅವುಗಳ ಮೇಲೆ ಬಿಳಿ ದಾರದ ಹೊಲಿಗೆ ಸಾಲು ಸಾಲಾಗಿ ಹರಿದಿದೆ. ನಡುವೆ ಮಾತ್ರ ಮಾಸಿದ ಹಸಿರು ಸೀರೆಯೊಂದು ಬರಿಮೈಯಲ್ಲಿ ಬಿದ್ದಿದೆ. ಹೊಲಿಗೆ ನಿಂತ ಜಾಗದಲ್ಲಿ ಸೂಜಿ ಹಾಗೇ ಚುಚ್ಚಿಕೊಂಡಿದೆ. ಅದರ ತುಕ್ಕು ಬಟ್ಟೆಗಿಳಿದು ಕಂದು ಕಲೆಯಾಗಿದೆ.

ಹಳಿಯಾಳದಿಂದ ಮುಂಡಗೋಡದ ಕಡೆಗೆ ಕಾಡಂಚಿನಲ್ಲಿ ಹೋದರೆ ಸಿಗುವ ಸಿದ್ದಿಯರ ಕೇರಿಗಳಲ್ಲಿ ಇದೊಂದು. ಮಳೆ ನಿಂತಿದೆ, ಭತ್ತ ಹಳದಿಗೆ ತಿರುಗುತ್ತಿದೆ, ಕೊಯ್ಲಿಗೆ ಇನ್ನೂ ನಾಲ್ಕಾರು ದಿನ ಬಿಡುವಿದೆ. ಟ್ರಂಕು ತೆರೆಯುವುದಕ್ಕೆ ಇದೇ ಕಾಲ. ಮಳೆಗಾಲದಲ್ಲಿ ತೆರೆದರೆ ಬಟ್ಟೆಗೆ ಬೂಸಲು ಬರುತ್ತದೆ, ಬೇಸಿಗೆಯವರೆಗೆ ಬಿಟ್ಟರೆ ಬರುವ ಚಳಿಗೆ ಹೊದಿಕೆ ಸಿಗುವುದಿಲ್ಲ. ಹಳಿಯಾಳ ಪೇಟೆಯ ಮನೆಗಳಲ್ಲಿ ನವರಾತ್ರಿಯ ಘಟ ಕೂಡ್ರಿಸುವ ಮೊದಲೇ ಹಾಸಿಗೆ, ಹೊದಿಕೆ, ದಿಂಬಿನ ಚೀಲಗಳನ್ನೆಲ್ಲ ಒಗೆದು ಮುಗಿಸಿರುತ್ತಾರೆ. ಆ ಒಗೆತದಲ್ಲೇ ಎಷ್ಟೋ ಅರೆಕೆಲಸಗಳು ಟ್ರಂಕಿನ ತಳದಿಂದ ಮೇಲೆ ಬರುತ್ತವೆ. ಇಲ್ಲಿ ಬಂದದ್ದು ಈ ಕೌದಿ. ಸಿದ್ದಿಯರು ಇದನ್ನು ಕವಂದಿ ಎಂದೂ ಕರೆಯುತ್ತಾರೆ.

ಪೋರ್ಚುಗೀಸರ ಕಾಲದಲ್ಲಿ ಆಫ್ರಿಕದಿಂದ ಗೋವೆಗೆ ಗುಲಾಮರಾಗಿ ಬಂದು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಮಕ್ಕಳು ಮೊಮ್ಮಕ್ಕಳು ಇವರು. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಜೋಯಿಡಾ ತಾಲೂಕುಗಳಲ್ಲಿ ಚದುರಿದ್ದಾರೆ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರಿದ್ದಾರೆ. ಉತ್ತರ ಕನ್ನಡದ ಸಿದ್ದಿಯರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. ಮೂರು ಧರ್ಮದ ಹೆಂಗಸರೂ ಕೌದಿ ಹೊಲಿಯುವ ಕ್ರಮ ಮಾತ್ರ ಒಂದೇ. ಕೆಲವು ಕ್ರೈಸ್ತ ಮನೆಗಳ ಕೌದಿಯಲ್ಲಿ ಶಿಲುಬೆಯ ಆಕಾರದ ತುಂಡು ಕಾಣುತ್ತದೆ, ಕೆಲವು ಮುಸ್ಲಿಂ ಮನೆಗಳದರಲ್ಲಿ ಅರ್ಧಚಂದ್ರ.

ಆ ಕ್ರಮವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕೆಂದರೆ ಅರ್ಧಕ್ಕೆ ನಿಂತ ಕೌದಿಯ ಕಥೆಯೆಲ್ಲ ಇರುವುದು ಅದರಲ್ಲೇ. ಮೊದಲು ಅಡಿಗೆ ಒಂದು ಹಳೆಯ ಸೀರೆ ಹಾಸುತ್ತಾರೆ. ಕೌದಿ ಎಷ್ಟು ಉದ್ದ, ಎಷ್ಟು ಅಗಲ ಎಂಬುದು ಅಲ್ಲಿಗೇ ತೀರ್ಮಾನವಾಯಿತು. ಚೌಕಟ್ಟು ಇಲ್ಲ, ಗುರುತು ಹಾಕುವುದಿಲ್ಲ, ನಕ್ಷೆ ಬರೆಯುವುದಿಲ್ಲ. ಒಂದು ಮೂಲೆಯಲ್ಲಿ ಕುಳಿತು, ಹಳೆಯ ಲಂಗದ್ದೋ ಅಂಗಿಯದ್ದೋ ತುಂಡಿನ ಅಂಚನ್ನು ಒಳಗೆ ಮಡಚಿ, ಸೀರೆಯ ಅಂಚಿಗೆ ಕೂಡಿಸಿ ಹೊಲಿಯುತ್ತಾರೆ. ಅದರ ಪಕ್ಕಕ್ಕೆ ಇನ್ನೊಂದು ತುಂಡು, ಅದರಾಚೆ ಮತ್ತೊಂದು. ಒಂದು ಸುತ್ತು ಮುಗಿದರೆ ಒಳಗಿನ ಸುತ್ತು. ಹೊರಗಿನಿಂದ ಒಳಕ್ಕೆ, ಅಂಚಿನಿಂದ ನಡುವಿಗೆ. ತುಂಡು ಕೂಡಿಸುವ ಹೊಲಿಗೆಯೂ ಪದರಗಳನ್ನು ಹಿಡಿದಿಡುವ ಹೊಲಿಗೆಯೂ ಬೇರೆ ಬೇರೆಯಲ್ಲ, ಒಂದೇ ಟಾಕಿ ಎರಡೂ ಕೆಲಸ ಮಾಡುತ್ತದೆ.

ಅಮೆರಿಕದ ಅಲಬಾಮಾದಲ್ಲಿ ಗೀಸ್ ಬೆಂಡ್ ಎಂಬ ಹಳ್ಳಿಯಿದೆ. ಅಲ್ಲಿಯೂ ಆಫ್ರಿಕ ಮೂಲದ ಹೆಂಗಸರೇ ಹಳೆ ಬಟ್ಟೆಯಿಂದ ಹೊದಿಕೆ ಹೊಲಿದು ಲೋಕಪ್ರಸಿದ್ಧರಾದರು. ಅವರ ದಾರಿ ಬೇರೆ. ಮೇಲಿನ ತುಂಡುಗಳನ್ನೆಲ್ಲ ಮೊದಲು ಕೂಡಿಸಿ ಒಂದು ಹಾಳೆ ಮಾಡಿಕೊಳ್ಳುತ್ತಾರೆ, ಆಮೇಲೆ ಅಡಿಬಟ್ಟೆ, ಒಳಪದರ ಸೇರಿಸಿ ಚೌಕಟ್ಟಿಗೆ ಬಿಗಿದು ಹೊಲಿಯುತ್ತಾರೆ. ಅಲ್ಲಿ ಕೆಲಸ ಅರ್ಧಕ್ಕೆ ನಿಂತರೆ ಉಳಿಯುವುದು ಒಂದು ತೆಳು ಹಾಳೆ. ಮಡಚಿಟ್ಟರೆ ಒಂದು ಮೂಲೆಯಲ್ಲಿ ಅಡಗಿಬಿಡುತ್ತದೆ. ಇಲ್ಲಿ ಹಾಗಲ್ಲ. ಸಿದ್ದಿ ಕೌದಿ ಎಲ್ಲಿ ನಿಂತರೂ ಅಲ್ಲಿಯವರೆಗೆ ಅದು ಪೂರ್ಣ ಕೌದಿಯೇ. ಅಂಚು ದಪ್ಪ, ಗಟ್ಟಿ, ಒಗೆದರೂ ಬಿಡದಷ್ಟು ಭದ್ರ. ಆದರೆ ಮೈಗೆ ತಾಗುವ, ಬೆಚ್ಚಗಿಡಬೇಕಾದ ನಡುಭಾಗವೇ ಖಾಲಿ. ಹೊದೆಯಲು ಬರುವುದಿಲ್ಲ, ಎಸೆಯಲು ಕೈ ಬರುವುದಿಲ್ಲ. ಅದಕ್ಕೇ ಟ್ರಂಕಿಗೆ ಹೋಗುತ್ತದೆ.

ಯಾಕೆ ನಿಲ್ಲುತ್ತದೆ? ಆಲಸ್ಯ ಎಂದು ಹೇಳುವವರಿಗೆ ಈ ಕೆಲಸ ಗೊತ್ತಿಲ್ಲ. ಕೌದಿಗೆ ಬೇಕಾದದ್ದು ಹಳೆಯ ಬಟ್ಟೆ, ಬಟ್ಟೆ ಹಳತಾಗುವುದಕ್ಕೆ ಅದರದೇ ಕಾಲ ಬೇಕು. ಮನೆಯಲ್ಲಿ ಲುಂಗಿ ಸವೆಯಬೇಕು, ಮಕ್ಕಳ ಅಂಗಿ ಗಿಡ್ಡವಾಗಬೇಕು, ಸೀರೆಯ ಸೆರಗು ಹರಿಯಬೇಕು. ವರ್ಷಕ್ಕೆ ಎರಡು ಜೊತೆ ಬಟ್ಟೆ ಕಂಡರೆ ಹೆಚ್ಚು ಎಂಬಂಥ ಮನೆಯಲ್ಲಿ ಚಿಂದಿಯೂ ಸುಲಭಕ್ಕೆ ಸಿಗುವ ಸರಕಲ್ಲ. ಸಿಕ್ಕರೂ ಈಗಿನ ಸೀರೆಗಳಲ್ಲಿ ನೈಲಾನ್, ಪಾಲಿಯೆಸ್ಟರ್‌ಗಳೇ ಜಾಸ್ತಿ. ಅಂಚು ಮಡಚಿದರೆ ಜಾರುತ್ತದೆ, ಬೆವರು ಹೀರುವುದಿಲ್ಲ, ಎಳೆ ಬಿಚ್ಚಿಕೊಳ್ಳುತ್ತದೆ. ನೂಲಿನ ಬಟ್ಟೆ ಕೂಡುವವರೆಗೆ ಕೌದಿ ಕಾಯುತ್ತದೆ. ಅಷ್ಟರಲ್ಲಿ ಮಗಳ ಮದುವೆ ಬರುತ್ತದೆ, ನಾಟಿ ಬರುತ್ತದೆ, ಯಾರೋ ಹಾಸಿಗೆ ಹಿಡಿಯುತ್ತಾರೆ. ಸಂತೆಯಲ್ಲಿ ಸಿಗುವ ದಪ್ಪ ಬ್ಲಾಂಕೆಟ್ ಒಂದು ಚಳಿಗಾಲವನ್ನು ದಾಟಿಸಿದರೆ ಮುಂದಿನ ವರ್ಷ ಟ್ರಂಕಿನ ನೆನಪೇ ಆಗುವುದಿಲ್ಲ.

ಈ ಅಂಗಳದ ಕೌದಿ ನಿಂತದ್ದು ಕಣ್ಣಿನಿಂದ. ಶುರುಮಾಡಿದ ಅಜ್ಜಿಗೆ ಪೊರೆ ಬಂತು. ದಾರ ಪೋಣಿಸಲು ಮೊಮ್ಮಕ್ಕಳನ್ನು ಕರೆಯುತ್ತಿದ್ದರು, ಮಕ್ಕಳು ಶಾಲೆಗೆ ಹೋದ ಮೇಲೆ ಸೂಜಿ ಸುಮ್ಮನೆ ನಿಂತಿತು. ಈಗ ಪೊರೆ ತೆಗೆಸಿದ್ದಾರೆ, ಕಣ್ಣು ಕಾಣುತ್ತದೆ, ಆದರೆ ಬೆರಳಲ್ಲಿ ನಡುಕ. ಹೊಲಿಯುವವಳು ಸೊಸೆ. ಅಜ್ಜಿ ಪಕ್ಕದಲ್ಲಿ ಗೋಡೆಗೊರಗಿ, ಕಾಲು ಚಾಚಿ ಕುಳಿತಿದ್ದಾರೆ. ಮನೆಯೊಳಗೆ ಅವರದು ಕೊಂಕಣಿ ಬೆರೆತ ಅವರದೇ ಮಾತು. ನಾನು ಕುಳಿತಿದ್ದೇನೆಂದು ಇಬ್ಬರೂ ಕನ್ನಡಕ್ಕೆ ತಿರುಗುತ್ತಾರೆ.

"ಅತ್ತೀ, ಇಲ್ಲಿ ದಾರ ಮುರದೈತಿ. ಈ ಸಾಲೆಲ್ಲಾ ಬಿಚ್ಚಿ ಹೊಸದಾಗಿ ಹಾಕ್ಲೇನು?"

"ಬಿಚ್ಚಬ್ಯಾಡವ್ವಾ. ಮುರದಲ್ಲೆ ಒಂದ್ ಗಂಟ್ ಹಾಕಿ ಮುಂದ ಹೋಗು."

ನಿಂತ ಕೌದಿಗೆ ಮತ್ತೆ ಕೈಹಾಕುವ ಬಗೆ ಇದು. ಮೊದಲು ಬಿಸಿಲಿಗೆ ಹಾಕಿ ಕೊಡವುತ್ತಾರೆ. ಜಿರಲೆ, ಇಲಿ ಎಲ್ಲಿ ಕಡಿದಿದೆ ಎಂದು ಕೈಯಾಡಿಸಿ ನೋಡುತ್ತಾರೆ. ಹಳೆಯ ದಾರವನ್ನು ಉಗುರಿನಲ್ಲಿ ಎತ್ತಿ ಎಳೆದರೆ ಅದರ ಜೀವ ಎಷ್ಟಿದೆ ಎಂಬುದು ಗೊತ್ತಾಗುತ್ತದೆ. ಇಲಿ ಕಡಿದ ತೂತಿನ ಮೇಲೆ ಒಂದು ತುಂಡು ಕೂರಿಸಿದರೆ ಅದೂ ಕೌದಿಯ ಬಣ್ಣಗಳಲ್ಲಿ ಒಂದಾಯಿತು. ತುಕ್ಕಿನ ಕಲೆಯ ಮೇಲೂ ಹಾಗೆಯೇ. ಬೇರೆ ಹೊಲಿಗೆಗಳಲ್ಲಿ ತೇಪೆ ಹಾಕುವುದು ಕೊರತೆಯಾಗಿ ಕಾಣುತ್ತದೆ, ಇಲ್ಲಿ ತೇಪೆಯೇ ಕಸುಬು. ಹಾಗಾಗಿ ವರ್ಷಗಟ್ಟಲೆ ಬಿಟ್ಟ ಕೆಲಸವನ್ನು ಮತ್ತೆ ಹಿಡಿಯಲು ಕೌದಿಯಷ್ಟು ಉದಾರವಾದದ್ದು ಮತ್ತೊಂದಿಲ್ಲ ಎಂದು ನನಗೆ ಅನ್ನಿಸುತ್ತದೆ.

ಸ್ವೆಟರಿನ ಪಾಡು ಹಾಗಲ್ಲ. ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ 1959ರಲ್ಲಿ ಕೆಲಸ ಶುರುಮಾಡಿದ ಮೇಲೆ ದೇಶದ ನಾನಾ ಕಡೆಯ ಕುಟುಂಬಗಳು ಬಂದು ನೆಲೆಸಿದವು. ಕಾಳಿ ನದಿಯ ಮಂಜು, ಕಾಡಿನ ಚಳಿ. ಮಧ್ಯಾಹ್ನ ಮನೆಗೆಲಸ ಮುಗಿಸಿದ ಹೆಂಗಸರು ಉಲ್ಲನ್ ಉಂಡೆ, ಎರಡು ಕಡ್ಡಿ ಹಿಡಿದು ಮೆಟ್ಟಿಲ ಮೇಲೆ ಕೂರುತ್ತಿದ್ದ ಕಾಲವೊಂದಿತ್ತು. ಆ ಮನೆಗಳ ಕಪಾಟುಗಳಲ್ಲಿ ಇವತ್ತಿಗೂ ಬೆನ್ನಿನ ಭಾಗ ಮುಗಿದು ತೋಳು ಬಾಕಿಯಿರುವ ಸ್ವೆಟರು, ಅರ್ಧ ಬಾಗಿಲಿಗಾಗುವಷ್ಟು ಕ್ರೋಶಾ ತೋರಣ, ಗಿಳಿಗೆ ರೆಕ್ಕೆ ಇನ್ನೂ ಮೂಡದ ಕಸೂತಿ ಬಟ್ಟೆ ಸಿಗುತ್ತವೆ. ಸ್ವೆಟರು ಒಬ್ಬನ ಅಳತೆಗೆ ಹೆಣೆದದ್ದು. ಆ ಹುಡುಗ ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಎದೆಯ ಸುತ್ತಳತೆ ಎರಡರಷ್ಟಾಗಿದೆ. ಹೆಣಿಗೆ ಬಿಚ್ಚಿ, ಉಲ್ಲನ್ನು ಉಗಿಗೆ ಹಿಡಿದು ಸುರುಳಿ ಬಿಡಿಸಿ, ಮೊಮ್ಮಗನ ಟೊಪ್ಪಿಗೆ ಹೆಣೆಯುವುದೇ ಅದಕ್ಕೆ ಸರಿಯಾದ ಮುಕ್ತಾಯ. ಬಿಚ್ಚಿದರೆ ಅಷ್ಟು ಸಂಜೆಗಳ ಶ್ರಮ ಹೋಯಿತು ಎಂದು ಕೊರಗುವವರಿದ್ದಾರೆ. ಉಲ್ಲನ್ನಾದರೂ ಮತ್ತೆ ಒಂದು ಮೈಯನ್ನು ಬೆಚ್ಚಗಿಡಲಿ, ಕಪಾಟಿನಲ್ಲಿ ಹುಳ ತಿನ್ನುವುದಕ್ಕಿಂತ ಅದು ಎಷ್ಟೋ ಮೇಲು.

ಮುಂಡಗೋಡದಲ್ಲಿ ಹೊಲಿಗೆ, ನೇಯ್ಗೆಗಳಿಗೆ ಇನ್ನೊಂದು ಮುಖವಿದೆ. 1966ರಲ್ಲಿ ಇಲ್ಲಿ ನೆಲೆಯಾದ ಟಿಬೆಟಿಯನ್ನರು ಗಂಟು ಹಾಕಿ ನೇಯುವ ಉಣ್ಣೆಯ ಜಮಖಾನೆಯ ಕಸುಬನ್ನು ಜೊತೆಗೆ ತಂದರು. ಚಳಿಗಾಲ ಬಂತೆಂದರೆ ಊರೂರಿನ ಪೇಟೆಗಳಲ್ಲಿ ಸ್ವೆಟರ್ ಅಂಗಡಿ ಹಾಕುವವರೂ ಅವರ ಪೈಕಿಯವರೇ. ಮಗ್ಗದ ಮೇಲಿನ ಜಮಖಾನೆಯನ್ನು ಎಷ್ಟು ದಿನ ಬಿಟ್ಟರೂ ಹಾಸು ಬಿಗಿಯಾಗಿ ನಿಂತಿದ್ದರೆ ಬಿಟ್ಟ ಗಂಟಿನಿಂದಲೇ ಮುಂದುವರಿಸಬಹುದು. ಹಾಸು ಸಡಿಲಾದರೆ ಕಷ್ಟ.

ಜೋಯಿಡಾ ಕಡೆ ಎಲ್ಲಕ್ಕಿಂತ ದೊಡ್ಡ ಶತ್ರು ಮಳೆ. ಕ್ಯಾಸಲ್‌ರಾಕ್ ಇರುವ, ಮಳೆಗೆ ಹೆಸರಾದ ತಾಲೂಕು ಅದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದೆಂದರೆ ಒಲೆಯ ಮೇಲಿನ ಅಟ್ಟಣಿಗೆಯಲ್ಲಿ ಮಾತ್ರ. ಮಳೆಯ ಜೊತೆಗೆ ಊರು ಬಿಡುವ ಕಾಲವೂ ಇಲ್ಲಿ ಬಂತು: ಸೂಪಾ ಜಲಾಶಯದಲ್ಲಿ ಹಳೆಯ ಸೂಪಾ ಪೇಟೆ ಮುಳುಗಿ, ಅನೇಕ ಕುಟುಂಬಗಳು ಅದೇ ತಾಲೂಕಿನ ರಾಮನಗರಕ್ಕೆ ಹೋಗಿ ನೆಲೆಸಿದವು. ಅಣೆಕಟ್ಟು ಪೂರ್ಣವಾದದ್ದು 1987ರಲ್ಲಿ. ಮನೆ ಎತ್ತುವಾಗ ಪಾತ್ರೆ, ದವಸ, ದೇವರು, ಹಾಸಿಗೆ ಇವೇ ಮೊದಲು ಗಾಡಿ ಹತ್ತುತ್ತವೆ. ಅರ್ಧ ಹೊಲಿದ ಬಟ್ಟೆಯ ಗಂಟು ಹಾಸಿಗೆಯೊಳಗೆ ಸುತ್ತಿಕೊಂಡು ಹೋದರೆ ಹೋಯಿತು, ಇಲ್ಲವಾದರೆ ಇಲ್ಲ.

ಮತ್ತೆ ಅಂಗಳಕ್ಕೆ. ಸೊಸೆ ಈಗ ಗಳದ ಮೇಲಿನಿಂದ ಕೌದಿ ಇಳಿಸಿ, ಚಾಪೆಯ ಮೇಲೆ ಹರವಿ, ಅದರ ಮೇಲೇ ಕುಳಿತಿದ್ದಾಳೆ. ಒಂದು ಮಂಡಿ ಬಟ್ಟೆಯನ್ನು ಒತ್ತಿ ಹಿಡಿದಿದೆ. ಚೌಕಟ್ಟಿನ ಕೆಲಸವನ್ನು ಮಂಡಿಯೇ ಮಾಡುತ್ತದೆ. ಗಂಡನ ಹಳೆಯ ಚೌಕಳಿ ಲುಂಗಿ, ಮಗಳ ಶಾಲೆಯ ನೀಲಿ ಲಂಗ, ಅಜ್ಜಿಯದೇ ಒಂದು ಕೆಂಪು ಕುಪ್ಪಸ ಪಕ್ಕದಲ್ಲಿವೆ. ಕತ್ತರಿ ಹಾಕುವುದು ತುದಿಗೆ ಮಾತ್ರ, ಮಿಕ್ಕದ್ದು ಕೈಯಲ್ಲೇ ಹರಿಯುವುದು. ಹಾಗೆ ಹರಿದರೆ ತುಂಡು ಎಳೆಯ ಗುಂಟ ನೇರ ಬರುತ್ತದೆ.

ಅಜ್ಜಿಯ ಟಾಕಿ ಅಕ್ಕಿಕಾಳಿನಂತೆ ಚಿಕ್ಕದು, ಒಂದರ ಪಕ್ಕ ಒಂದು ಸಮ. ಸೊಸೆಯದು ಉದ್ದ, ಒಮ್ಮೆ ಓರೆ, ಒಮ್ಮೆ ನೇರ. ಎಲ್ಲಿ ಕೈ ಬದಲಾಯಿತು ಎಂಬುದು ಕುರುಡನ ಬೆರಳಿಗೂ ತಿಳಿದೀತು. ಅದನ್ನು ಮರೆಮಾಡುವ ಯತ್ನ ಯಾರೂ ಮಾಡುತ್ತಿಲ್ಲ, ಮಾಡಬಾರದು ಕೂಡ.

ಕಷ್ಟ ಇರುವುದು ಕೊನೆಯ ಒಂದು ಮೊಳದಲ್ಲಿ. ನಾಲ್ಕೂ ಕಡೆಯಿಂದ ಒಳಗೆ ಬರುತ್ತ ಬಂದಂತೆ ಮೇಲಿನ ಪದರ, ಕೆಳಗಿನ ಪದರ ಎರಡೂ ನಡುವಿಗೆ ಸರಿಯುತ್ತವೆ. ಅಂಚಿನಲ್ಲಿ ಕೂದಲೆಳೆಯಷ್ಟು ಸಡಿಲ ಬಿಟ್ಟಿದ್ದರೂ ನಡುವೆ ಅದು ಗುಬ್ಬಿಯಾಗಿ ಏಳುತ್ತದೆ. ಅಂಗೈಯಿಂದ ಸವರಿ ಸವರಿ ಕೂರಿಸಬೇಕು. ಕೂರದಿದ್ದರೆ ಅಲ್ಲೊಂದು ಚಿಕ್ಕ ನೆರಿಗೆ ಹಿಡಿದು ಹೊಲಿಯಬೇಕು. ಶುರುಮಾಡಿದವಳ ಕೈಯ ಬಿಗಿ ಎಷ್ಟಿತ್ತೆಂಬುದು ಮುಗಿಸುವವಳಿಗೆ ಇಲ್ಲಿ ಗೊತ್ತಾಗುತ್ತದೆ. ಸೊಸೆ ಎರಡು ಸಲ ನಿಲ್ಲಿಸಿ, ಕೌದಿಯ ನಾಲ್ಕೂ ಮೂಲೆ ಎಳೆದು, ಮತ್ತೆ ಕುಳಿತಳು.

ಬೊಗಸೆಯಷ್ಟು ಜಾಗ ಉಳಿದಾಗ ಅಜ್ಜಿ ಒಳಗಿನಿಂದ ಒಂದು ಚಿಟಿಕೆ ಅಕ್ಕಿ ತರಿಸಿದರು. ಮುಚ್ಚುವ ಮೊದಲು ನಡುವಿಗೆ ನಾಲ್ಕು ಕಾಳು ಹಾಕುವ ರೂಢಿ ಕೆಲವು ಮನೆಗಳಲ್ಲಿದೆ. ಕೌದಿಯ ಹೊಟ್ಟೆ ತುಂಬಿರಲಿ, ಹೊದ್ದವರ ಮನೆಯಲ್ಲಿ ಅನ್ನ ಇರಲಿ ಎಂಬ ಹಾರೈಕೆ. ಅದರ ಮೇಲೆ ಕೆಂಪು ಕುಪ್ಪಸದ ತುಂಡು ಬಂತು. ಇನ್ನು ನಾಲ್ಕು ಮೂಲೆಗಳಿಗೆ ಫುಲ. ಬಟ್ಟೆಯನ್ನು ತ್ರಿಕೋನವಾಗಿ ಪದರಪದರ ಮಡಚಿ ಹೂವಿನ ಹಾಗೆ ಕೂರಿಸುವುದು. ಫುಲ ಇಲ್ಲದ ಕೌದಿ ಬತ್ತಲೆ ಎನ್ನುತ್ತಾರೆ ಸಿದ್ದಿ ಹೆಂಗಸರು. ಎಷ್ಟು ಅವಸರವಿದ್ದರೂ ಅದನ್ನು ಬಿಡುವುದಿಲ್ಲ.

ಈ ಕೌದಿಗಳನ್ನು ಹೊರಜಗತ್ತು ಗುರುತಿಸಿದ್ದು ಈಚೆಗೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಸಿದ್ದಿ ಕೇರಿಗಳಲ್ಲಿ ಓಡಾಡಿ ಬರೆದರು, ಹೆಂಗಸರ ಸಹಕಾರಿ ಕೂಟವೊಂದು ಕಟ್ಟಿಕೊಳ್ಳಲು ನೆರವಾದರು. 2011ರಲ್ಲಿ ನ್ಯೂಯಾರ್ಕಿನ ಷೋಂಬರ್ಗ್ ಕೇಂದ್ರದಲ್ಲಿ ಇಲ್ಲಿಯ ಕೌದಿಗಳ ಪ್ರದರ್ಶನ ನಡೆಯಿತು. ಈಗ ವಿದೇಶದ ಹೊಲಿಗೆಪ್ರಿಯರು ಅಂಚಿನಿಂದ ನಡುವಿಗೆ ಬರುವ ಈ ಕ್ರಮವನ್ನು ಕಲಿಯುತ್ತಿದ್ದಾರೆ. ಮಾರಾಟದ ಕೌದಿಗೆ ಒಂದು ಗಡುವು ಇರುತ್ತದೆ, ಹಣ ಬರುತ್ತದೆ, ಆದ್ದರಿಂದ ಅದು ಮುಗಿಯುತ್ತದೆ. ಮನೆಯದಕ್ಕೆ ಗಡುವಿಲ್ಲ. ಮನೆಯ ಕೌದಿಗೂ ವರ್ಷದಲ್ಲಿ ಒಂದು ವಾರ ಸಿಗಬೇಕು, ಸೊಸೆಯೊಬ್ಬಳೇ ಅಲ್ಲ, ಮಗನೂ ಕುಳಿತು ದಾರ ಪೋಣಿಸಿಕೊಡಬೇಕು ಎಂಬುದು ನನ್ನ ಆಸೆ. ಕಸುಬು ಕಲಿಯುವುದು ಹೊಸದನ್ನು ಶುರುಮಾಡುವುದರಿಂದ ಅಲ್ಲ. ಇನ್ನೊಬ್ಬರು ನಿಲ್ಲಿಸಿದ ಸಾಲಿನ ಪಕ್ಕದಲ್ಲಿ ತನ್ನ ಸಾಲು ಹಾಕುವುದರಿಂದ. ಅಜ್ಜಿಯ ಅಷ್ಟು ಟಾಕಿಗಳನ್ನು ಇಷ್ಟು ಹತ್ತಿರದಿಂದ ಈ ಸೊಸೆ ಬೇರೆಲ್ಲಿ ನೋಡುತ್ತಿದ್ದಳು?

ಕೊನೆಯ ಫುಲ ಕೂತ ಮೇಲೆ ದಾರ ಹಲ್ಲಿನಲ್ಲಿ ಕಡಿದು, ಸೊಸೆ ಕೌದಿಯನ್ನು ಎತ್ತಿ ಹಿಡಿದಳು. ಅಜ್ಜಿ ನಡುವಿನ ಕೆಂಪು ತುಂಡನ್ನು ಒತ್ತಿ ನೋಡಿದರು.

"ಇಲ್ಲೆ ಇನ್ನೂ ಗುಬ್ಬಿ ಎದ್ದೈತಿ ನೋಡು."

"ಒಗದ್ರ ಕುಂದರತೈತಿ ಬಿಡ್ರಿ ಅತ್ತೀ. ಯಾರಿಗಿ ಕೊಡೂದು ಇದನ್ನ? ಹಾಸ್ಟೆಲ್ನ್ಯಾಗಿರೋ ನಿಮ್ಮ ಮೊಮ್ಮಗ ಕೇಳಾಕತ್ತಾನ."

"ಮೊದಲ ಒಗಿ. ಬಿಸಲ ಛಲೋ ಐತಿ, ಇವತ್ತ ಒಣಗತೈತಿ."