ಮಳೆಗಾಲದ ನೆಲೆ, ಮಿತಿಯ ಬದುಕು

ನಾಸಿಕದ ಪಾಂಡವಲೇಣಿ ಗುಹೆಗಳಲ್ಲಿಯೂ ಛತ್ರಪತಿ ಸಂಭಾಜಿನಗರ ಜಿಲ್ಲೆಯ ಅಜಂತೆಯಲ್ಲಿಯೂ ಕಾಣುವ ವಿಹಾರಗಳು, ಅಂದರೆ ನಡುವಣ ಸಭಾಂಗಣದ ಸುತ್ತ ಕಿರುಕೋಣೆಗಳನ್ನು ಕೊರೆದ ಬೌದ್ಧ ಭಿಕ್ಷುಗಳ ವಸತಿಗಳು, ಸರಳ ಜೀವನದ ಪ್ರಾಚೀನ ಕ್ರಮವೊಂದನ್ನು ಪರಿಚಯಿಸುತ್ತವೆ.

ಮಳೆಗಾಲದ ಮೂರು ತಿಂಗಳು ಸಂಚಾರ ನಿಲ್ಲಿಸಿ ಒಂದೆಡೆ ನೆಲೆಸುವ ‘ವರ್ಷಾವಾಸ’ದ ನಿಯಮವು, ಎಳೆಯ ಸಸ್ಯಗಳನ್ನೂ ಸಣ್ಣ ಜೀವಿಗಳನ್ನೂ ತುಳಿಯಬಾರದೆಂಬ ಎಚ್ಚರದಿಂದ ರೂಪುಗೊಂಡು, ಧ್ಯಾನ ಮತ್ತು ಅಧ್ಯಯನಗಳಿಗೆ ಬಿಡುವನ್ನೂ ಒದಗಿಸಿತು.

ಈ ಏಕಾಂತಕ್ಕೆ ಊರಿನ ಆಸರೆಯೂ ಇತ್ತು. ಸುಮಾರು 1,900 ವರ್ಷಗಳ ಹಿಂದಿನ ನಾಸಿಕದ ಶಾಸನದ ಪ್ರಕಾರ, ಕ್ಷತ್ರಪ ದೊರೆ ನಹಪಾನನ ಅಳಿಯ ಉಷವದಾತನು 2,000 ಕಾರ್ಷಾಪಣಗಳನ್ನು, ಅಂದರೆ ಅಂದಿನ ನಾಣ್ಯಗಳನ್ನು, ನೇಕಾರರ ಶ್ರೇಣಿಯಲ್ಲಿ, ಅಂದರೆ ವೃತ್ತಿಸಂಘದಲ್ಲಿ, ತಿಂಗಳಿಗೆ ಶೇಕಡ 1ರ ಬಡ್ಡಿಗೆ ಇರಿಸಿ, ವರ್ಷಾವಾಸದ 20 ಭಿಕ್ಷುಗಳಿಗೆ ತಲಾ 12 ಕಾರ್ಷಾಪಣಗಳ ವಸ್ತ್ರವೆಚ್ಚವನ್ನು ಗೊತ್ತುಪಡಿಸಿದನು. ಅಗತ್ಯಕ್ಕೆ ಹೀಗೆ ಅಳತೆ ನಿಗದಿಯಾದಾಗ ಸಂಗ್ರಹದ ಚಿಂತೆ ತಗ್ಗಿ, ಮನಸ್ಸು ಸಾಧನೆಯಲ್ಲಿ ನಿಲ್ಲಲು ಅನುವಾಗುತ್ತಿತ್ತು.