ವಿದ್ಯುತ್ತಿನ ಮಿಡಿತ ಮತ್ತು ಅಫೀಮಿನ ಬಾಧೆ

ಗಸಗಸೆಯ ಪಾಯಸವನ್ನು ಸವಿಯದವರು ನಮ್ಮಲ್ಲಿ ವಿರಳ. ಆ ಗಿಡದ ಬೀಜವು ನಿತ್ಯದ ಅಡಿಗೆಯ ಸಾಮಗ್ರಿ. ಆದರೆ ಅದೇ ಗಿಡದ ಎಳೆಯ ಕಾಯಿಯನ್ನು ಗೀರಿದಾಗ ಒಸರುವ ಹಾಲು ಒಣಗಿ ಅಫೀಮಾಗುತ್ತದೆ. ಅಫೀಮಿನಿಂದ ಮಾರ್ಫೀನನ್ನೂ, ಮಾರ್ಫೀನಿನಿಂದ ಹೆರಾಯಿನನ್ನೂ ಪಡೆಯುವರು. ಇವುಗಳಂತೆಯೇ ವರ್ತಿಸುವ, ಕೇವಲ ರಸಾಯನಶಾಲೆಯಲ್ಲಿ ತಯಾರಾಗುವ ಔಷಧಗಳೂ ಉಂಟು. ಈ ಇಡೀ ವರ್ಗಕ್ಕೆ ಓಪಿಯಾಯ್ಡ್‌ಗಳೆಂದು ಹೆಸರು. ತೀವ್ರವಾದ ನೋವನ್ನು ಅಡಗಿಸುವುದರಲ್ಲಿ ಇವು ಬಹು ಸಮರ್ಥವಾದುವು. ಆದರೆ ದೇಹವು ಇವುಗಳಿಗೆ ಒಗ್ಗಿತೆಂದರೆ ಬಿಡುವುದು ಅತಿ ಕಷ್ಟ.

ಹೆರಾಯಿನಿಗೆ ಒಗ್ಗಿದವನಿಗೆ ಅದು ದೊರೆಯದೆ ಹೋದರೆ, ಕೊನೆಯ ಸೇವನೆಯಾದ 6ರಿಂದ 12 ಗಂಟೆಗಳಲ್ಲಿ ಬಾಧೆ ಮೊದಲಾಗುತ್ತದೆ. ಕಣ್ಣು ಮೂಗುಗಳಲ್ಲಿ ನೀರು ಸುರಿಯುತ್ತದೆ. ಮೇಲಿಂದ ಮೇಲೆ ಆಕಳಿಕೆ ಬರುತ್ತದೆ. ಬೆವರೂ ಚಳಿಯೂ ಒಟ್ಟಿಗೆ ಕಾಡುತ್ತವೆ. ಮೈ ಮುಳ್ಳೇಳುತ್ತದೆ, ಕಣ್ಣಿನ ಪಾಪೆ ಹಿಗ್ಗುತ್ತದೆ, ಮೂಳೆ ಸಂದುಗಳು ನೋಯುತ್ತವೆ. ವಾಂತಿ ಭೇದಿಗಳಾಗಿ ನಿದ್ದೆಯೇ ಹತ್ತದಾಗುತ್ತದೆ. ಎರಡು ಮೂರನೆಯ ದಿನ ಉಲ್ಬಣಿಸುವ ಈ ಬಾಧೆ ಸುಮಾರು ಒಂದು ವಾರದಲ್ಲಿ ಬಹುಮಟ್ಟಿಗೆ ಇಳಿಯುತ್ತದೆ. ಇದನ್ನು ವರ್ಜನಬಾಧೆಯೆಂದು ಕರೆಯೋಣ. ಬಿಡಬೇಕೆಂಬ ದೃಢಸಂಕಲ್ಪವುಳ್ಳವರು ಕೂಡ ಇದನ್ನು ತಾಳಲಾರದೆ ಮರಳಿ ಅದೇ ಪದಾರ್ಥಕ್ಕೆ ಕೈಚಾಚುವುದುಂಟು.

ಇದಕ್ಕೆ ಕಾರಣವೇನು? ಒಂದು ಸುರುಳಿ ಸ್ಪ್ರಿಂಗಿನ ಮೇಲೆ ಬಹುದಿನ ಭಾರವನ್ನಿಟ್ಟಿರುವೆವೆಂದೂ, ಭಾರಕ್ಕೆ ಎದುರಾಗಿ ಸ್ಪ್ರಿಂಗು ದಿನದಿನಕ್ಕೆ ಬಲವಾಗುತ್ತ ಹೋಗುವುದೆಂದೂ ಭಾವಿಸಿರಿ. ಭಾರವನ್ನು ಥಟ್ಟನೆ ತೆಗೆದರೆ ಅದು ಮೊದಲಿದ್ದ ಎತ್ತರಕ್ಕಿಂತಲೂ ಮೇಲೆ ಚಿಮ್ಮುವುದು. ಮೆದುಳಿನ ಕಾಂಡದಲ್ಲಿ ಲೋಕಸ್ ಸೆರೂಲಿಯಸ್ ಎಂಬ ಪುಟ್ಟ ನರಕೋಶಗಳ ಗುಂಪಿದೆ. ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕವನ್ನು ಸುರಿಸಿ ದೇಹವನ್ನು ಎಚ್ಚರದಲ್ಲಿಡುವುದು ಅದರ ಕೆಲಸ. ಓಪಿಯಾಯ್ಡ್‌ಗಳು ಈ ಕೋಶಗಳನ್ನು ಅದುಮಿಡುತ್ತವೆ. ಕೋಶಗಳು ಆ ಒತ್ತಡಕ್ಕೆ ಎದುರಾಗಿ ತಮ್ಮ ಚಟುವಟಿಕೆಯನ್ನು ಹೆಚ್ಚಿಸಿಕೊಳ್ಳುತ್ತವೆ. ಒತ್ತಡ ಹೋದೊಡನೆ ಅವು ಕೆರಳುತ್ತವೆ. ಮೇಲೆ ಹೇಳಿದ ಲಕ್ಷಣಗಳಲ್ಲಿ ಹಲವಕ್ಕೆ ಇದೇ ಮೂಲ.

ಈ ಕೆರಳಿದ ನರಗಳನ್ನು ಯಾವ ಔಷಧವನ್ನೂ ಕೊಡದೆ ಶಮನಗೊಳಿಸಬಹುದೆ? ಈ ಪ್ರಶ್ನೆಗೆ ಉತ್ತರದ ಸುಳಿವು ಆಕಸ್ಮಿಕವಾಗಿ ದೊರೆಯಿತು. 1972ರಲ್ಲಿ ಹಾಂಗ್‌ಕಾಂಗಿನ ನರಶಸ್ತ್ರವೈದ್ಯ ಎಚ್. ಎಲ್. ವೆನ್ ಅವರು, ಶಸ್ತ್ರಕ್ರಿಯೆಯ ನೋವನ್ನು ತಗ್ಗಿಸುವ ಉದ್ದೇಶದಿಂದ ಒಬ್ಬ ರೋಗಿಗೆ ಸೂಜಿಗಳನ್ನು ಚುಚ್ಚಿ, ಅವುಗಳ ಮೂಲಕ ಅಲ್ಪಪ್ರಮಾಣದ ವಿದ್ಯುತ್ತನ್ನು ಹಾಯಿಸಿದರು. ಆ ರೋಗಿಗೆ ಅಫೀಮಿನ ಚಟವಿದ್ದು, ಅದಿಲ್ಲದೆ ಬಾಧೆಪಡುತ್ತಿದ್ದನು. ವಿದ್ಯುತ್ತು ಹಾಯುತ್ತಿದ್ದಂತೆ ಅವನ ವರ್ಜನಬಾಧೆಯೂ ಶಮನವಾಯಿತು! ವೆನ್ ಮತ್ತು ಅವರ ಸಹೋದ್ಯೋಗಿ 40 ಮಂದಿ ವ್ಯಸನಿಗಳ ಮೇಲೆ ಈ ಕ್ರಮವನ್ನು ಪರೀಕ್ಷಿಸಿ 1973ರಲ್ಲಿ ವರದಿಯನ್ನು ಪ್ರಕಟಿಸಿದರು.

ಆಗ ಇದರ ಕಾರಣ ಯಾರಿಗೂ ತಿಳಿದಿರಲಿಲ್ಲ. ಆದರೆ ಅದೇ 1973ರಲ್ಲಿ, ಓಪಿಯಾಯ್ಡ್ ಅಣುಗಳು ಬಂದು ಕೂಡಿಕೊಳ್ಳುವ ಗ್ರಾಹಕಗಳು ಮೆದುಳಿನಲ್ಲಿರುವುದು ಪ್ರಯೋಗಗಳಿಂದ ಸಿದ್ಧವಾಯಿತು. ಗಸಗಸೆಯ ಹಾಲಿಗೆಂದು ಪ್ರಕೃತಿಯು ಮೆದುಳಿನಲ್ಲಿ ಬೀಗವನ್ನಿಟ್ಟಿರಲಾರದು. ಅದಕ್ಕೆ ದೇಹದ್ದೇ ಆದ ಕೀಲಿಕೈ ಇರಲೇಬೇಕಷ್ಟೆ? 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಜಾನ್ ಹ್ಯೂಸ್ ಮತ್ತು ಹ್ಯಾನ್ಸ್ ಕಾಸ್ಟರ್‌ಲಿಟ್ಸ್ ಎಂಬ ವಿಜ್ಞಾನಿಗಳು ಹಂದಿಯ ಮೆದುಳಿನಿಂದ ಆ ಕೀಲಿಕೈಯನ್ನು ಬೇರ್ಪಡಿಸಿ ಎನ್‌ಕೆಫಲಿನ್ ಎಂದು ಹೆಸರಿಟ್ಟರು. ಎಂಡಾರ್ಫಿನ್, ಡೈನಾರ್ಫಿನ್ ಮೊದಲಾದ ಅದರ ಬಂಧುಗಳು ಬಳಿಕ ಬೆಳಕಿಗೆ ಬಂದುವು. ಹೀಗೆ ನಮ್ಮ ದೇಹವೇ ಒಂದು ಔಷಧಶಾಲೆ.

ಈ ಔಷಧಶಾಲೆಯ ಬಾಗಿಲನ್ನು ವಿದ್ಯುತ್ತು ತಟ್ಟಬಲ್ಲುದೆಂಬುದನ್ನು ವಿಶದವಾಗಿ ತೋರಿಸಿದವರಲ್ಲಿ ಬೀಜಿಂಗಿನ ಹಾನ್ ಜೀಶೆಂಗ್ ಅವರು ಪ್ರಮುಖರು. ಅವರ ಪ್ರಯೋಗಗಳು ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ವಿಶೇಷ ಸ್ವಾರಸ್ಯವುಳ್ಳವು. ಮಿಡಿತಗಳ ಆವೃತ್ತಿ 2 ಹರ್ಟ್ಸ್, ಅಂದರೆ ಸೆಕೆಂಡಿಗೆ ಎರಡು ಬಾರಿ ಇದ್ದರೆ, ಮುಖ್ಯವಾಗಿ ಎನ್‌ಕೆಫಲಿನ್ ಮತ್ತು ಎಂಡಾರ್ಫಿನ್ ಸ್ರವಿಸುತ್ತವೆ. 100 ಹರ್ಟ್ಸ್ ಇದ್ದರೆ ಡೈನಾರ್ಫಿನ್ ಸ್ರವಿಸುತ್ತದೆ. ಮಾರ್ಫೀನಿಗೆ ಒಗ್ಗಿಸಿದ ಇಲಿಗಳ ವರ್ಜನಬಾಧೆಯನ್ನು ತಗ್ಗಿಸಲು 2 ಹರ್ಟ್ಸಿಗಿಂತ 100 ಹರ್ಟ್ಸ್ ಹೆಚ್ಚು ಫಲಕಾರಿಯಾಯಿತು.

ಮಿಡಿತವು ನರವನ್ನು ಎಚ್ಚರಿಸುವ ಬಗೆಯನ್ನು ನೋಡೋಣ. ವಿಶ್ರಾಂತಿಯಲ್ಲಿರುವ ನರಕೋಶದ ಪೊರೆಯ ಎರಡು ಮಗ್ಗುಲುಗಳ ನಡುವೆ ಸುಮಾರು 70 ಮಿಲಿವೋಲ್ಟುಗಳ ವಿಭವಾಂತರವಿರುತ್ತದೆ, ಒಳಮಗ್ಗುಲು ಋಣವಾಗಿರುತ್ತದೆ. ಹೊರಗಿನ ಪ್ರವಾಹದಿಂದ ಈ ಅಂತರವು ಒಂದು ಮಿತಿಗಿಂತ ಕುಗ್ಗಿದೊಡನೆ ನರಸಂದೇಶ ಹೊರಡುತ್ತದೆ. ಇದಕ್ಕೆ ಬೇಕಾಗುವ ವಿದ್ಯುತ್ತು ಅತ್ಯಲ್ಪ. 10 ಮಿಲಿಆಂಪೇರಿನ ಪ್ರವಾಹವು 0.2 ಮಿಲಿಸೆಕೆಂಡಿನಷ್ಟು ಕಾಲ ಹರಿಯುವುದೆಂದು ಇಟ್ಟುಕೊಳ್ಳಿರಿ. ಗುಣಿಸಿದರೆ ಪ್ರತಿ ಮಿಡಿತದಲ್ಲಿ ಸಾಗುವ ವಿದ್ಯುದಂಶ ಕೇವಲ 2 ಮೈಕ್ರೊಕೂಲಂಬ್. ಸೆಕೆಂಡಿಗೆ 100 ಮಿಡಿತಗಳಿದ್ದರೂ ಪ್ರವಾಹವಿರುವುದು ಆ ಸೆಕೆಂಡಿನ ಐವತ್ತನೆಯ ಒಂದು ಭಾಗದಲ್ಲಿ ಮಾತ್ರ. ಮಿಡಿತದ ದಿಕ್ಕನ್ನು ಆಗಾಗ ಬದಲಿಸುವುದರಿಂದ ಚರ್ಮದಲ್ಲಿ ವಿದ್ಯುದ್ವಿಭಜನೆಯಾಗಿ ಸುಡುವುದೂ ತಪ್ಪುತ್ತದೆ. ಇಂಥ ಎಚ್ಚರಿಕೆಗಳಿಂದ ತಯಾರಿಸಿದ ಉಪಕರಣವನ್ನು ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ಬಳಸಬೇಕು. ಮನೆಯಲ್ಲಿ ತಂತಿ ಜೋಡಿಸಿ ಪರೀಕ್ಷಿಸಹೊರಡುವುದು ಪ್ರಾಣಾಪಾಯಕರ.

2017ರ ನವೆಂಬರಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಬ್ರಿಡ್ಜ್, ಅಂದರೆ ಸೇತುವೆ, ಎಂಬ ಹೆಸರಿನ ಉಪಕರಣದ ಮಾರಾಟಕ್ಕೆ ಅನುಮತಿ ನೀಡಿತು. ಕಿವಿಯ ಹಿಂದೆ ಅಂಟಿಸುವ ಈ ಪುಟ್ಟ ಸಾಧನವು ಆ ಭಾಗದ ನರಶಾಖೆಗಳಿಗೆ ಐದು ದಿನಗಳವರೆಗೆ ಮಿಡಿತಗಳನ್ನು ಕೊಡಬಲ್ಲುದು. ವೈದ್ಯರು ವರ್ಜನಬಾಧೆಯ ಲಕ್ಷಣಗಳಿಗೆ ಅಂಕಗಳನ್ನಿತ್ತು, ಕೂಡಿಸಿ, ಬಾಧೆಯನ್ನು ಅಳೆಯುವರು. ಪರೀಕ್ಷೆಗೊಳಗಾದ 73 ರೋಗಿಗಳಲ್ಲಿ ಈ ಅಂಕವು ಅರ್ಧ ಗಂಟೆಯೊಳಗೆ ಶೇಕಡಾ 31ರಷ್ಟಾದರೂ ಇಳಿಯಿತು.

ಈ ಅಂಕಿಗಳನ್ನು ನೋಡಿ ಒಡನೆಯೇ ಹಿಗ್ಗುವುದು ವಿಜ್ಞಾನದ ರೀತಿಯಲ್ಲ. ವರ್ಜನಬಾಧೆಯು ತಾನಾಗಿಯೇ ಇಳಿಯತಕ್ಕುದು; ಜೊತೆಗೆ, ಚಿಕಿತ್ಸೆ ದೊರೆಯಿತೆಂಬ ಭರವಸೆಯಿಂದಲೇ ಮನುಷ್ಯನಿಗೆ ಎಷ್ಟೋ ಹಿತವಾಗುತ್ತದೆ. ಆದುದರಿಂದ ಮಿಡಿತವಿಲ್ಲದ ಹುಸಿ ಉಪಕರಣವನ್ನು ತೊಡಿಸಿದ ಮತ್ತೊಂದು ಗುಂಪಿನೊಡನೆ ಹೋಲಿಸಿದಲ್ಲದೆ ನಿಜವಾದ ಫಲ ಎಷ್ಟೆಂದು ಹೇಳಲಾಗದು. ಮೇಲಿನ 73 ಮಂದಿಯ ಪರೀಕ್ಷೆಯಲ್ಲಿ ಅಂಥ ಗುಂಪು ಇರಲಿಲ್ಲ. ಸೂಜಿಚಿಕಿತ್ಸೆಯ ಪರೀಕ್ಷೆಗಳಲ್ಲಿಯೂ ಅನೇಕವು ಚಿಕ್ಕವು; ಫಲಗಳೂ ಏಕರೀತಿಯವಲ್ಲ. ಬೆಚ್ಚನೆಯ ನೀರಿನ ಸ್ನಾನ, ಅಂಗಮರ್ದನ, ಲಘುವಾದ ನಡಿಗೆ ಇವು ಮೈನೋವಿಗೂ ಚಳಿಗೂ ಹಿತವನ್ನುಂಟುಮಾಡುವುವು. ವಾಂತಿ ಭೇದಿಗಳಿಂದ ನಷ್ಟವಾದ ನೀರನ್ನೂ ಲವಣಗಳನ್ನೂ ತುಂಬಿಕೊಡುವುದು ಅತ್ಯವಶ್ಯಕ. ಇವೆಲ್ಲ ಆರೈಕೆಯೇ ಹೊರತು ವ್ಯಸನದ ಪರಿಹಾರವಲ್ಲ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಒಂದು ಸಂಗತಿ. ಬಾಧೆ ಇಳಿದ ಮಾತ್ರಕ್ಕೆ ವ್ಯಸನವು ತೊಲಗಿತೆಂದು ತಿಳಿಯಬಾರದು. ಓಪಿಯಾಯ್ಡ್‌ಗಳು ಅತಿಯಾದಾಗ ಉಸಿರಾಟವನ್ನೇ ನಿಲ್ಲಿಸುತ್ತವೆ. ಒಗ್ಗಿದ ದೇಹವು ತಾಳಿಕೊಳ್ಳುತ್ತಿದ್ದ ಪ್ರಮಾಣವನ್ನು, ಬಿಟ್ಟು ಕೆಲವು ದಿನಗಳಾದ ದೇಹವು ತಾಳಲಾರದು. ಒಂದು ವಾರ ಕಷ್ಟಪಟ್ಟು ಬಿಟ್ಟವನು ಒಂದು ಸಂಜೆ ಮನಸ್ಸು ಸೋತು ಹಿಂದಿನಷ್ಟೇ ಪ್ರಮಾಣವನ್ನು ಸೇವಿಸಿದರೆ ಅದೇ ಅವನ ಮರಣಕ್ಕೆ ಕಾರಣವಾಗಬಹುದು. ಮನೆಯವರು ‘ಇನ್ನು ಗುಣವಾಯಿತು’ ಎಂದು ನಿಶ್ಚಿಂತರಾಗುವ ಕಾಲವೇ ಹೆಚ್ಚಿನ ಅಪಾಯದ ಕಾಲ. ವೈದ್ಯರ ನಿಯಂತ್ರಣದಲ್ಲಿ ದೀರ್ಘಕಾಲ ಕೊಡುವ ಮೆಥಡೋನ್ ಅಥವಾ ಬ್ಯೂಪ್ರಿನಾರ್ಫಿನ್ ಔಷಧದಿಂದ ಇಂಥ ಮರಣಗಳು ಕಡಮೆಯಾಗುವುದು ಸಿದ್ಧವಾಗಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನಚಿಕಿತ್ಸೆಗೆಂದೇ ಪ್ರತ್ಯೇಕವಾದ ವಿಭಾಗವಿದೆ. ಇಂಥ ನೆರವನ್ನು ಪಡೆಯಲು ಸಂಕೋಚಪಡಬೇಕಾದುದಿಲ್ಲ. ವ್ಯಸನವು ಮೆದುಳಿನ ಬೇನೆಯೇ ಹೊರತು ಗುಣದೋಷವಲ್ಲ.

ಆ 73 ರೋಗಿಗಳಲ್ಲಿ 64 ಮಂದಿ ಐದು ದಿನಗಳ ಬಳಿಕ ಔಷಧಸಹಿತವಾದ ಚಿಕಿತ್ಸೆಯನ್ನು ಕೈಕೊಂಡರು. ಬಾಧೆಯು ಎಷ್ಟು ಅಂಕ ಇಳಿಯಿತೆಂಬುದಕ್ಕಿಂತ ಈ ಸಂಖ್ಯೆಯೇ ಹೆಚ್ಚು ಅರ್ಥವುಳ್ಳದ್ದು. ಉಪಕರಣಕ್ಕೆ ಸೇತುವೆಯೆಂಬ ಹೆಸರು ತಕ್ಕುದಾಗಿಯೇ ಇದೆ. ಸೇತುವೆಯಿಂದ ಹೊಳೆಯನ್ನು ದಾಟಬಹುದು. ದಾಟಿದ ಮೇಲೂ ದಾರಿ ಬಹು ದೂರವಿರುತ್ತದೆ, ಆ ದಾರಿಯಲ್ಲಿ ವೈದ್ಯರೂ ಬಂಧುಮಿತ್ರರೂ ಜೊತೆಗಿರಬೇಕು.